ಶಾನುಭೋಗರ ಮೇಜಿನ ತಾಮ್ರ

ನೆಲಮಂಗಲ ತಾಲ್ಲೂಕಿನ ಮಣ್ಣೆಯ ತಾಮ್ರಶಾಸನಗಳು ಕ್ರಿ.ಶ. 797 ಮತ್ತು 802ರವು. ನಮ್ಮ ಸೀಮೆಯಲ್ಲಿ ತಾಮ್ರಕ್ಕೂ ಬರಹಕ್ಕೂ ಅಷ್ಟು ಹಳೆಯ ನಂಟು. ಶಾಸನಗಳು ನಾಡಿನ ಆಸ್ತಿ, ಅವನ್ನು ಕೊಳ್ಳುವ ಮಾತೇ ಇಲ್ಲ. ನಮ್ಮಂಥ ಸಂಗ್ರಾಹಕರಿಗೆ ದಕ್ಕುವುದು ಬರೆಯುವ ಮೇಜಿನ ಸಾಮಾನು: ಮಸಿಕುಡಿಕೆ, ಲೇಖನಿಯ ತಟ್ಟೆ, ಮುಚ್ಚಳದ ಸಣ್ಣ ಡಬ್ಬಿ.

ಹಿಂದಿನ ಶಾನುಭೋಗರು ಕಪ್ಪು ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅದಕ್ಕೆ ಮಸಿ ಬೇಕಿರಲಿಲ್ಲ. ಕಾಗದದ ಲೆಕ್ಕ ಬಂದ ಮೇಲೆ ಮಸಿಕುಡಿಕೆ ಮೇಜಿಗೇರಿತು. 1963ರಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾದಾಗ ಮೇಜು ಅಟ್ಟ ಸೇರಿತು. ಅದರ ಮೇಲಿದ್ದ ತಾಮ್ರ ಇಂದಿಗೂ ಗುಜರಿ ಅಂಗಡಿಯಲ್ಲಿ ತೂಕಕ್ಕೆ ಬೀಳುತ್ತಿದೆ.

ದೊಡ್ಡಬಳ್ಳಾಪುರದಲ್ಲಿ ಕೊಂಡ ಮಸಿಕುಡಿಕೆಯೊಂದು ನನ್ನಲ್ಲಿದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಸುತ್ತಿಗೆಯ ಏಟುಗಳು ಒಂದರ ಅಂಚನ್ನು ಇನ್ನೊಂದು ತುಳಿದಿರುವುದು ಕಾಣುತ್ತದೆ. ತಳ ಕೂಡುವಲ್ಲಿ ತಗಡನ್ನು ಹಲ್ಲು ಹಲ್ಲಾಗಿ ಕತ್ತರಿಸಿ, ಒಂದಕ್ಕೊಂದು ಸಿಕ್ಕಿಸಿ, ಹಿತ್ತಾಳೆಯ ಬೆಸುಗೆ ಹಾಕಿದ್ದಾರೆ. ಕೆಂಪು ತಾಮ್ರದಲ್ಲಿ ಆ ಹಳದಿ ಗೆರೆ ಎದ್ದು ಕಾಣುತ್ತದೆ. ಬಡಿದಷ್ಟೂ ತಾಮ್ರ ಗಡುಸಾಗುತ್ತದೆ; ಕುಲುಮೆಯಲ್ಲಿ ಕಾಯಿಸಿ ಮೆದುಮಾಡಿ ಮತ್ತೆ ಬಡಿಯಬೇಕು. ಅಂಗೈಯಗಲದ ಸಾಮಾನಿಗೂ ಅಷ್ಟು ಶ್ರಮ ಹಿಡಿಯುತ್ತದೆ.

ಕೊಳ್ಳುವಾಗ ಎಚ್ಚರ ಬೇಕು. ಗುಳಿಗಳೆಲ್ಲ ಒಂದೇ ಅಳತೆ, ಒಂದೇ ಅಂತರದಲ್ಲಿದ್ದರೆ ಅದು ಯಂತ್ರದ ಕೆಲಸ. ಅಯಸ್ಕಾಂತ ಅಂಟಿದರೆ ತಾಮ್ರದ ಲೇಪ ಕೊಟ್ಟ ಕಬ್ಬಿಣ.

ಮನೆಗೆ ತಂದ ಮೇಲೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಪೂಜೆಯ ತಂಬಿಗೆಗೆ ಅದು ಸರಿ. ಮಸಿಕುಡಿಕೆಯ ಕಂದು ಬಣ್ಣ ಮಾತ್ರ ವರ್ಷಗಟ್ಟಲೆ ಕೂತು ಬಂದದ್ದು, ಒಮ್ಮೆ ಹೋದರೆ ಹೋಯಿತು. ಪುಡಿಪುಡಿಯಾದ ಹಸಿರು ಕಿಲುಬಿದ್ದರೆ ಬಿದಿರು ಕಡ್ಡಿಯಿಂದ ಕೆರೆದು, ಒಣಬಟ್ಟೆಯಲ್ಲಿ ಒರೆಸಿ, ತೇವ ತಾಕದಂತೆ ಇಡಿ. ಅಮೆರಿಕದ ರಾಯ್‌ಕ್ರಾಫ್ಟ್ ಕಾರ್ಯಾಗಾರದವರು 20ನೇ ಶತಮಾನದ ಆರಂಭದಲ್ಲಿ ಬಡಿದು ಮಾಡಿದ ಮೇಜು ಸಾಮಾನುಗಳಿಗೂ ಇದೇ ನಿಯಮ: ಉಜ್ಜಿ ಹೊಳಪು ಬರಿಸಿದರೆ ಬೆಲೆ ಬೀಳುತ್ತದೆ.

ರಾಯ್‌ಕ್ರಾಫ್ಟ್ ಸಾಮಾನಿನ ಮೇಲೆ ತಯಾರಕರ ಮುದ್ರೆಯಿರುತ್ತದೆ. ನನ್ನ ಕೈಗೆ ಬಂದ ನಮ್ಮ ಕಡೆಯ ಸಾಮಾನುಗಳಲ್ಲಿ ಯಾವುದಕ್ಕೂ ಮುದ್ರೆಯಿಲ್ಲ, ಬಡಿದ ಕಂಚುಗಾರನ ಹೆಸರಿಲ್ಲ. ಯಾವ ಊರಿನ, ಯಾವ ಮನೆಯ ಮೇಜಿನದು ಎಂಬ ಮಾತೊಂದೇ ಅವಕ್ಕಿರುವ ಗುರುತು. ಗುಜರಿಯ ತಕ್ಕಡಿಗೆ ಬಿದ್ದ ಕೂಡಲೇ ಅದೂ ಅಳಿಸಿಹೋಗುತ್ತದೆ.

ಹೊಸಕೋಟೆ, ದೇವನಹಳ್ಳಿ ಕಡೆಯ ಹಳೆಯ ಮನೆಗಳವರಲ್ಲಿ ನನ್ನದೊಂದು ಕೋರಿಕೆ. ಅಟ್ಟ ಖಾಲಿ ಮಾಡುವ ಮುನ್ನ ಇಂಥ ಸಾಮಾನಿನ ಫೋಟೋ ತೆಗೆಯಿರಿ. ಯಾರದು, ಯಾವ ಊರಿನದು ಎಂದು ಚೀಟಿಯಲ್ಲಿ ಬರೆದು ಅದರೊಳಗೇ ಇಡಿ. ಮಾರುವುದಾದರೂ ಆ ಚೀಟಿಯ ಸಮೇತ ಮಾರಿ.