ಅರ್ಬುದಶಾಸ್ತ್ರದಲ್ಲಿ ಬೀಜ–ಕ್ಷೇತ್ರದ ಉಪಮೆ

ಶಾಸ್ತ್ರಗ್ರಂಥಗಳಲ್ಲಿ ಬರುವ ಉಪಮೆಯನ್ನು ಕೇವಲ ಅಲಂಕಾರವೆಂದು ಕಡೆಗಣಿಸುವುದುಂಟು. ಆದರೆ ಒಂದು ಉಪಮೆಯು ಶತಮಾನಕ್ಕೂ ಮೀರಿ ವಿದ್ವಾಂಸರ ವಿಚಾರವನ್ನು ನಡೆಸಿದುದಾದರೆ, ಅದರ ಗುಣದೋಷಗಳ ಪರೀಕ್ಷೆ ಸಾಹಿತ್ಯವಿಮರ್ಶೆಗೂ ಸಲ್ಲುವ ಕಾರ್ಯವೇ ಸರಿ. ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ಟನು 1889ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಳಸಿದ ಬೀಜ–ಕ್ಷೇತ್ರದ ಉಪಮೆ ಅಂತಹುದು.

ಸ್ತನದ ಅರ್ಬುದದಿಂದ, ಎಂದರೆ ಕ್ಯಾನ್ಸರಿನಿಂದ, ಮೃತರಾದ 735 ಮಂದಿಯ ವೃತ್ತಾಂತಗಳನ್ನು ಅವನು ಪರಿಶೀಲಿಸಿದನು. ರೋಗವು 241 ಮಂದಿಯಲ್ಲಿ ಯಕೃತ್ತಿಗೆ ಹರಡಿತ್ತು. ಪ್ಲೀಹಕ್ಕೆ ಹರಡಿದುದು 17 ಮಂದಿಯಲ್ಲಿ ಮಾತ್ರ. ರಕ್ತವು ಎರಡು ಅಂಗಗಳಿಗೂ ಹರಿಯುತ್ತಿರಲು ಈ ಭೇದಕ್ಕೆ ಕಾರಣವೇನು? ಬೀಜವು ಎಲ್ಲೆಡೆ ಚೆಲ್ಲಿದರೂ ಒಪ್ಪುವ ನೆಲದಲ್ಲಿಯೇ ಮೊಳೆಯುವಂತೆ, ಅರ್ಬುದದ ಕೋಶವೂ ತನಗೆ ಒಗ್ಗುವ ಅಂಗದಲ್ಲಿಯೇ ಬೆಳೆಯುವುದೆಂಬುದು ಅವನ ಸಮಾಧಾನ. ಉಪಮಾನ ಉಪಮೇಯಗಳ ಸಾಧಾರಣಧರ್ಮವು ಇಲ್ಲಿ ಸ್ಪಷ್ಟವಾಗಿದೆ. ಈ ಅಂಶದಲ್ಲಿ ಉಪಮೆ ನಿರ್ದುಷ್ಟವಾದುದು.

ದೋಷವಿರುವುದು ಬೇರೆಡೆ. ಎಕ್ಕದ ಬೀಜವು ಗಾಳಿಯಲ್ಲಿ ತೇಲುವಾಗಲೂ ನೆಲಕ್ಕಿಳಿದಾಗಲೂ ತನ್ನ ಸ್ವಭಾವವನ್ನು ಬಿಡದು. ಅರ್ಬುದದ ಕೋಶವಾದರೋ ದಾರಿಯಲ್ಲಿ ರೂಪವನ್ನೂ ನಡೆಯನ್ನೂ ಬದಲಿಸಬಲ್ಲದು. ಅಂಗಗಳ ಹೊದಿಕೆಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿಡುವುದು ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನು. ಅನೇಕ ಅರ್ಬುದಗಳಲ್ಲಿ ಇದರ ಜೀನು ಕೆಡದೆಯೇ ಮೂಕವಾಗುತ್ತದೆ: ಡಿ.ಎನ್.ಎ.ಯ ಮೇಲೆ ಮೀಥೈಲ್ ಗುರುತು ಬೀಳುವುದರಿಂದ, ಇಲ್ಲವೆ ಡಿ.ಎನ್.ಎ. ಸುತ್ತಿಕೊಂಡಿರುವ ಹಿಸ್ಟೋನುಗಳ ಮೇಲೆ ಇ.ಜಡ್.ಎಚ್.2 ಎಂಬ ಕಿಣ್ವವು ಅಂತಹ ಗುರುತನ್ನಿಡುವುದರಿಂದ. ದೇಹದಲ್ಲಿ ಹರಡಿದ ಪ್ರಾಸ್ಟೇಟ್ ಅರ್ಬುದದಲ್ಲಿ ಈ ಕಿಣ್ವವು ಅಧಿಕವಾಗಿರುವುದು 2002ರಲ್ಲಿ ಪ್ರಕಟವಾಯಿತು. ಅಂಟು ಕಳಚಿದ ಕೋಶವು ಸಂಚಾರಕ್ಕೆ ತೊಡಗುತ್ತದೆ. ಹೊಸ ಅಂಗದಲ್ಲಿ ನೆಲೆಸಿದ ಮೇಲೆ ಮೂಕವಾಗಿದ್ದ ಜೀನು ಮತ್ತೆ ನುಡಿಯುವುದೂ ಉಂಟು. ಅಕ್ಷರ ಬದಲಾಗದೆ ಓದು ಬದಲಾಗುವ ಈ ವ್ಯಾಪಾರಕ್ಕೆ, ವ್ಯಾಡಿಂಗ್‌ಟನ್ 1942ರಲ್ಲಿ ಬಳಕೆಗೆ ತಂದ ‘ಎಪಿಜೆನೆಟಿಕ್ಸ್’ ಎಂಬ ಹೆಸರು ಇಂದು ರೂಢವಾಗಿದೆ.

ಇದು ಶಬ್ದದ ವಾದವಷ್ಟೇ ಅಲ್ಲ. ಸ್ವಭಾವವು ಸ್ಥಿರವಾದರೆ ಬೀಜವನ್ನು ನಾಶಗೊಳಿಸುವುದೊಂದೇ ಚಿಕಿತ್ಸೆ. ಗುರುತುಗಳು ಅಳಿಸತಕ್ಕವಾದರೆ ಕೋಶದ ನಡತೆಯನ್ನು ತಿದ್ದುವ ಆಸೆಗೂ ಎಡೆಯುಂಟು. ಆದರೆ ಅಂಟನ್ನು ಮರಳಿಸುವ ಔಷಧವು ಹೊರಡಲಿರುವ ಕೋಶವನ್ನು ತಡೆದರೂ, ಆಗಲೇ ಹೊರಟುಹೋದ ಕೋಶಕ್ಕೆ ನೆಲೆಯೂರಲು ನೆರವಾದೀತೆಂಬ ಶಂಕೆಯೂ ಇದೆ. ಬೀಜದ ಉಪಮೆಯನ್ನೇ ನಂಬಿದವರಿಗೆ ಈ ಶಂಕೆ ಹೊಳೆಯುವುದೇ ದುರ್ಲಭ.

ಹಾಗೆಂದು ಪ್ಯಾಜೆಟ್ಟನ ಉಪಮೆಯು ತ್ಯಾಜ್ಯವಲ್ಲ. ಕೋಶವು ಎಲ್ಲಿ ಬೆಳೆಯುವುದೆಂಬ ಪ್ರಶ್ನೆಗೆ ಅದು ಉತ್ತರ ಕೊಟ್ಟಿತು. ಹೇಗೆ ಹೊರಟಿತೆಂಬುದಕ್ಕೆ ಕೊಡಲಾರದು. ಅಕ್ಷರ–ಓದುಗಳೆಂಬುದೂ ಉಪಮೆಯೇ ಆದುದರಿಂದ, ಅದಕ್ಕೂ ಇದೇ ಪರೀಕ್ಷೆ ಸಲ್ಲತಕ್ಕದ್ದು.