ಗೋಡೆ ಊರಿನದು, ಗೆರೆ ಮಗುವಿನದು

ನಮ್ಮ ಸರ್ಕಾರಿ ಶಾಲೆಗಳ ಗೋಡೆಗಳಿಗೆ ಈಚಿನ ವರ್ಷಗಳಲ್ಲಿ ಬಣ್ಣ ಬಂದಿದೆ. ಎಷ್ಟೋ ಹಳ್ಳಿಗಳಲ್ಲಿ ಕೊಠಡಿಗಳ ಸಾಲು ರೈಲುಬೋಗಿಯಾಗಿದೆ. ನೋಡಲು ಖುಷಿ, ನಿಜ. ಆದರೆ ಕುಂಚ ಹಿಡಿದವರು ದೊಡ್ಡವರು. ಮಕ್ಕಳು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡವರು. ಮಕ್ಕಳೇ ಟೈಲ್ಸ್ ಮೇಲೆ ಚಿತ್ರ ಬರೆದು ಬೀದಿಯ ಗೋಡೆಗೆ ಕೂರಿಸುವ ಕೆಲಸ ನನಗೆ ಹೆಚ್ಚಿನದಾಗಿ ಕಾಣುವುದು ಈ ಕಾರಣಕ್ಕೆ. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಂಥ ಕಡೆ, ಕಾಂಪೌಂಡುಗಳ ನಡುವೆ ಬೆಳೆಯುವ ಮಕ್ಕಳಿಗೆ ಇದು ಸಿಗಬೇಕು.

ದೊಡ್ಡ ಗೋಡೆಯೊಂದನ್ನು ಮಕ್ಕಳ ಗುಂಪಿಗೆ ಬಿಟ್ಟು ನೋಡಿ. ಗಟ್ಟಿ ದನಿಯ ಹುಡುಗ ನಡುಭಾಗ ಹಿಡಿಯುತ್ತಾನೆ, ಸಂಕೋಚದ ಹುಡುಗಿ ಮೂಲೆಯಲ್ಲಿ ಹುಲ್ಲಿಗೆ ಹಸಿರು ಹಚ್ಚುತ್ತಾ ಉಳಿಯುತ್ತಾಳೆ. ಆರಂಗುಲದ ಟೈಲ್ಸ್ ಹಂಚಿದರೆ ಇಬ್ಬರಿಗೂ ಅಷ್ಟಷ್ಟೇ ಜಾಗ. ಆ ಚೌಕದೊಳಗೆ ಯಾರೂ ಕೈ ಹಾಕುವಂತಿಲ್ಲ, ಮೇಷ್ಟ್ರೂ ಸಹ.

ಕೆಲಸ ಕೆಡುವುದು ಹೆಚ್ಚಾಗಿ ಮುಂದೆ ನಿಂತು ನಡೆಸುವವರಿಂದ. ಹಲಗೆಯ ಮೇಲೆ ಮಾದರಿ ಬರೆದುಕೊಟ್ಟ ಕ್ಷಣವೇ ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು, ಒಂದು ತೆಂಗಿನಮರ ಸಾಲುಗಟ್ಟಿ ಬರುತ್ತವೆ. ಬಯಲುಸೀಮೆಯ ಈ ಊರಿನ ಮಗು ದಿನಾ ಕಾಣುವುದು ಲೋಡಾಗುವ ಲಾರಿ, ಮಂಡಕ್ಕಿ ಭಟ್ಟಿಯ ಹೊಗೆ, ಪಾಳಿ ಮುಗಿಸಿ ಬರುವ ಅಪ್ಪನ ಸೈಕಲ್ಲು. ಅದನ್ನು ಬರೆಯಲು ಬಿಡುವುದು, ಸೊಟ್ಟಗಾದ ಚಕ್ರವನ್ನು ತಿದ್ದದಿರುವುದು ಸುಲಭವಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2005ರಲ್ಲಿ ಮುಗಿದ ಹದಿನಾರನೇ ಅವೆನ್ಯೂದ, ಟೈಲ್ಸ್ ಚಿತ್ರ ಹೊದ್ದ 163 ಮೆಟ್ಟಿಲುಗಳು ಜಗತ್ತಿಗೇ ಹೆಸರಾದವು. ವಿನ್ಯಾಸ ಇಬ್ಬರು ಕಲಾವಿದೆಯರದು, ನೆರೆಹೊರೆಯವರು ಕೈಜೋಡಿಸಿದರು. ಇಡೀ ಮೆಟ್ಟಿಲ ಸಾಲು ಒಂದೇ ಚಿತ್ರವಾಗಿ ಏರುವ ಆ ಚೆಲುವು ದೊಡ್ಡದು. ಮಕ್ಕಳ ಕೆಲಸಕ್ಕೆ ಮಾತ್ರ ನಾನು ಆ ದಾರಿ ಒಪ್ಪಲಾರೆ. ಇಲ್ಲಿ ಪಕ್ಕಪಕ್ಕದ ಚೌಕಗಳು ಒಂದಕ್ಕೊಂದು ಹೊಂದದಿದ್ದರೂ ಸರಿಯೇ.

ಇನ್ನೊಂದು ಲೋಪ ಕಣ್ಣಿಗೆ ಬೀಳುವುದು ತಡವಾಗಿ. ಮೆರುಗಿನ ಟೈಲ್ಸ್ ಮೇಲೆ ಬರಿಯ ಅಕ್ರಿಲಿಕ್ ಹಚ್ಚಿ ಬಿಸಿಲಿಗೆ ಇಟ್ಟರೆ ಅದು ಸಿಪ್ಪೆ ಏಳುತ್ತದೆ. ಮೆರುಗಿನ ಮೇಲೆ ಹಚ್ಚುವ ಪಿಂಗಾಣಿ ಬಣ್ಣವನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಮೆರುಗು ಮೆತ್ತಗಾಗಿ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಸುಡದೆ ಅಂಟಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ: ತನ್ನ ಚಿತ್ರ ಉದುರುವುದನ್ನು ಆ ಮಗು ಶಾಲೆಗೆ ಹೋಗುವಾಗ ದಿನವೂ ನೋಡಬೇಕಾಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ನಾಡು ನಮ್ಮದು. ಖಾನಾಪುರದಲ್ಲಿ ಕುಂಬಾರಿಕೆ ಕಲಿಸುವ ಕೇಂದ್ರೀಯ ಸಂಸ್ಥೆಯಿದೆ. ದಾರಿ ತೋರುವ ಕಲಾವಿದರಿಗೆ ದಾವಣಗೆರೆಯಲ್ಲೂ ಬರವಿಲ್ಲ, 1964ರಲ್ಲಿ ಶುರುವಾದ ದೃಶ್ಯಕಲಾ ಮಹಾವಿದ್ಯಾಲಯ ಊರಲ್ಲೇ ಇದೆ. ಹಾಗಾಗಿ ಖರ್ಚಿನ ಪಟ್ಟಿಯಲ್ಲಿ ಆವಿಗೆಯ ಹಣ ಮೊದಲು ಬರಲಿ, ಉದ್ಘಾಟನೆಯ ಶಾಮಿಯಾನ ಆಮೇಲೆ. ದಾನಿಗಳ ಹೆಸರಿನ ಫಲಕ ಬೇಕೇ ಬೇಕೆಂದರೆ ಅದೂ ಆರಂಗುಲದ್ದೇ ಇರಲಿ.