ದಂಡಿಗೆ ಬಾರದ ಚಿತ್ರಗಳು

ಹೆಚ್ಚು ಜನ ನೋಡಬೇಕಾಗಿದ್ದೂ ನೋಡದೇ ಹೋದ ಕನ್ನಡ ಸಿನಿಮಾಗಳು ಯಾವುವು ಎಂದು ನಾಲ್ಕು ಜನ ಮಾತಿಗೆ ಕೂತರೆ ಸಾಕು, ಹೆಸರುಗಳು ತಾವಾಗಿಯೇ ಸಾಲುಗಟ್ಟುತ್ತವೆ: ‘ಸಂಸ್ಕಾರ’, ‘ಕಾಡು’, ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’. ಇವೆಲ್ಲ ದೊಡ್ಡ ಚಿತ್ರಗಳು, ಅದರಲ್ಲಿ ತಕರಾರಿಲ್ಲ. ಥಿಯೇಟರಿಗೆ ಹೋಗಿ ಇವನ್ನು ನೋಡಿದವರು ಕಡಿಮೆ ಎನ್ನುವುದೂ ನಿಜ. ಆದರೆ ಯಾರೂ ಗಮನಿಸದ ಚಿತ್ರಗಳೆಂದು ಇವುಗಳ ಪರವಾಗಿ ಇನ್ನೂ ಮರುಗುತ್ತಿರುವುದು ಅಭ್ಯಾಸಬಲ ಅಷ್ಟೇ. ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ಫಿಲ್ಮ್ ಫೌಂಡೇಶನ್ ಮುತುವರ್ಜಿಯಲ್ಲಿ ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿಯೂ ಆಯಿತು. ನಿಜವಾಗಿ ಹಿಂದೆ ಬಿದ್ದದ್ದು ಇದೇ ಹೊಸ ಅಲೆಯೊಳಗಿನ ಇನ್ನೊಂದು ಸಣ್ಣ ಪರಂಪರೆ: ನಗರದ ಬಾಡಿಗೆ ಮನೆ, ಆಫೀಸು, ಫುಟ್‌ಪಾತು, ಆಸ್ಪತ್ರೆಗಳಲ್ಲಿ ನಡೆಯುವ ಚಿತ್ರಗಳದ್ದು. ಪ್ರೇಕ್ಷಕರು ಅವನ್ನು ಬಿಟ್ಟರು. ಪ್ರೇಕ್ಷಕರು ಬಿಟ್ಟದ್ದನ್ನು ಎತ್ತಿ ಹಿಡಿಯುತ್ತೇವೆ ಎನ್ನುವವರೂ ಬಿಟ್ಟರು. ಅವುಗಳಿಗೆ ಸಲ್ಲಬೇಕಾದ ಪ್ರೇಕ್ಷಕರನ್ನು ಹುಡುಕಿಕೊಂಡು ವೆನಿಸ್‌ವರೆಗೆ ಹೋಗಬೇಕಾಗಿಲ್ಲ. ಶಿವಾಜಿನಗರದಿಂದ ಹಲಸೂರು, ಇಂದಿರಾನಗರ ದಾಟಿ ಕೆ.ಆರ್. ಪುರದವರೆಗೆ ಅವರು ಇದ್ದಾರೆ.

ಮೊದಲು ಪುರಾವೆ. ಅತ್ಯುತ್ತಮ ಕಥಾಚಿತ್ರಕ್ಕೆ ಕೊಡುವ ಸ್ವರ್ಣಕಮಲ ಕನ್ನಡಕ್ಕೆ ಬಂದದ್ದು ಆರು ಸಲ: ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’. ಕೊನೆಯ ನಾಲ್ಕೂ ಗಿರೀಶ ಕಾಸರವಳ್ಳಿಯವರವು. ಅಗ್ರಹಾರ, ದಕ್ಷಿಣ ಕನ್ನಡದ ಒಕ್ಕಲು, ಮಲೆನಾಡಿನ ವೇದಪಾಠಶಾಲೆ, ಸಣ್ಣ ಊರಿನ ಸರ್ಕಾರಿ ಕಚೇರಿ, ಉತ್ತರ ಕರ್ನಾಟಕದ ದೊಡ್ಡ ಮನೆತನ, ಅಣೆಕಟ್ಟಿನ ನೀರಿಗೆ ಮುಳುಗುವ ನೆಲ. ಆರರಲ್ಲಿ ಒಂದೂ ಬೆಂಗಳೂರಿನದಲ್ಲ. ಇದಕ್ಕೆ ಯಾರ ಸಂಚೂ ಬೇಕಾಗಿರಲಿಲ್ಲ. ನಮ್ಮ ಹೊಸ ಅಲೆ ಹುಟ್ಟಿದ್ದೇ ಸಾಹಿತ್ಯದ ಮಡಿಲಲ್ಲಿ. ಕಾರಂತ, ಅನಂತಮೂರ್ತಿ, ಭೈರಪ್ಪ, ತೇಜಸ್ವಿ ಬರೆದದ್ದನ್ನು ಅದು ತೆರೆಗೆ ತಂದಿತು, ಆ ಬರಹದ ಬೇರು ಊರಿನಲ್ಲಿತ್ತು. ಊರು ಬಿಟ್ಟು ಓದಲು ಬಂದವರು ಪಟ್ಟಣದಲ್ಲಿ ಕೂತು ಬಿಟ್ಟು ಬಂದ ಊರಿನ ಜೊತೆ ಜಗಳ ಕಾಯುವುದೇ ನವ್ಯದ ಒಂದು ದೊಡ್ಡ ವಸ್ತುವಾಗಿದ್ದಾಗ, ಕೂತ ಜಾಗ ಕಣ್ಣಿಗೆ ಬೀಳದೆ ಹೋದದ್ದು ಸಹಜ. ಖರ್ಚಿನ ಲೆಕ್ಕವೂ ಇದಕ್ಕೆ ಕೂಡಿಕೊಂಡಿತು: ಹಳ್ಳಿಯಲ್ಲಿ ಒಂದು ಕೇರಿಯೇ ಸೆಟ್ ಆಗುತ್ತದೆ, ನಗರದ ರಸ್ತೆಯಲ್ಲಿ ಹಾಗಲ್ಲ.

ಇದರಲ್ಲಿ ಒಂದು ಚೋದ್ಯವಿದೆ. 1970ರ ‘ಸಂಸ್ಕಾರ’ವನ್ನು ಅಗ್ರಹಾರದವರು ಮಾಡಲಿಲ್ಲ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ. ಚಂದ್ರಿಯ ಪಾತ್ರ ಮಾಡಿದ ಅವರ ಪತ್ನಿ ಸ್ನೇಹಲತಾ ರೆಡ್ಡಿ ಮದ್ರಾಸಿನ ಇಂಗ್ಲಿಷ್ ರಂಗಭೂಮಿಯವರು, ಕ್ರೈಸ್ತ ಮನೆತನದಲ್ಲಿ ಹುಟ್ಟಿದವರು. ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನಾದ ಗಿರೀಶ ಕಾರ್ನಾಡರು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಮದ್ರಾಸ್ ಕಚೇರಿಯಲ್ಲಿದ್ದವರು. ನಾಲ್ಕು ಭಾಷೆ ಬೆರೆಸಿ ಮಾತಾಡುವ, ಜಾತಿಮತಗಳ ಗೆರೆ ದಾಟಿ ಮದುವೆಯಾಗುವ ಈ ಲೋಕ ಬೆಂಗಳೂರಿನ ದಂಡು (ಕಂಟೋನ್ಮೆಂಟ್) ಪ್ರದೇಶದವರಿಗೆ ಹೊಸದೇನಲ್ಲ. ರೆಡ್ಡಿ ದಂಪತಿ ಬೆಂಗಳೂರಿನಲ್ಲೇ ನೆಲೆಸಿದ್ದರು. ತುರ್ತುಪರಿಸ್ಥಿತಿಯಲ್ಲಿ ಇಲ್ಲಿನ ಜೈಲಿನಲ್ಲಿ ನರಳಿದ ಸ್ನೇಹಲತಾ 1977ರ ಜನವರಿಯಲ್ಲಿ ತೀರಿಕೊಂಡರು. ಅಂಥ ಲೋಕದ ಜನ ಮಲೆನಾಡಿನ ಅಗ್ರಹಾರವನ್ನು ಅಷ್ಟು ಚೂಪಾಗಿ ಕಂಡರು. ಆದರೆ ತಮ್ಮಂಥವರು ಬಾಳುವ ಬೀದಿಯನ್ನು ಕನ್ನಡದ ಹೊಸ ಸಿನಿಮಾದ ವಸ್ತುವನ್ನಾಗಿ ಮಾಡಲಿಲ್ಲ.

ಚಿತ್ರಮಂದಿರಗಳ ಭೂಗೋಳವೂ ಇದಕ್ಕೆ ಒತ್ತಾಸೆಯಾಯಿತು. ಪೇಟೆ ಮತ್ತು ದಂಡು 1949ರಲ್ಲಿ ಒಂದೇ ನಗರಪಾಲಿಕೆಯಡಿ ಬಂದರೂ ಸಿನಿಮಾ ನೋಡುವ ವಿಷಯದಲ್ಲಿ ಬಹುಕಾಲ ಎರಡಾಗಿಯೇ ಉಳಿದವು. ಕನ್ನಡ ಚಿತ್ರದ ಹಂಚಿಕೆ, ಬಿಡುಗಡೆ, ಕಟೌಟು, ಹಾಲಿನ ಅಭಿಷೇಕ ಎಲ್ಲವೂ ಗಾಂಧಿನಗರ ಮತ್ತು ಕೆಂಪೇಗೌಡ ರಸ್ತೆಯಲ್ಲಿ. ಪ್ಲಾಜಾ, ರೆಕ್ಸ್, ಲಿಡೋ, ಗ್ಯಾಲಕ್ಸಿಗಳಲ್ಲಿ ಇಂಗ್ಲಿಷು. ಶಿವಾಜಿನಗರ, ಹಲಸೂರು ಕಡೆ ಹಿಂದಿ, ತಮಿಳಿನ ಜೋರು. 1960ರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ, ವಾಟಾಳ್ ನಾಗರಾಜ್ ಮೊದಲಾದವರು ಕನ್ನಡ ಚಿತ್ರಗಳಿಗೆ ಥಿಯೇಟರ್ ಕೊಡಿ ಎಂದು ಬೀದಿಗಿಳಿದದ್ದು ಈ ಹಿನ್ನೆಲೆಯಲ್ಲಿ. ಆ ಹೋರಾಟ ಸ್ಟಾರ್ ಚಿತ್ರಗಳಿಗೆ ದಾರಿ ಮಾಡಿತು. ಹೊಸ ಅಲೆಯ ಚಿತ್ರಗಳಿಗೆ ಥಿಯೇಟರ್ ಎಲ್ಲೂ ಗಟ್ಟಿ ಆಸರೆಯಾಗಲಿಲ್ಲ, ಅವು ಉಸಿರಾಡಿದ್ದು ಫಿಲ್ಮ್ ಸೊಸೈಟಿಗಳಲ್ಲಿ. 1971ರಲ್ಲಿ ಹುಟ್ಟಿದ ಸುಚಿತ್ರಾ ನೆಲೆಯೂರಿದ್ದು ಬನಶಂಕರಿಯಲ್ಲಿ. ಬೆಂಗಳೂರಿನ ಅಂತರರಾಷ್ಟ್ರೀಯ ಚಿತ್ರೋತ್ಸವ ವರ್ಷಗಟ್ಟಲೆ ನಡೆದದ್ದು ರಾಜಾಜಿನಗರದ ಮಾಲಿನಲ್ಲಿ. ಪೂರ್ವದಲ್ಲಿದ್ದವರು ಕನ್ನಡದ ಒಳ್ಳೆಯ ಚಿತ್ರ ನೋಡಬೇಕೆಂದರೆ ಊರನ್ನೇ ಅಡ್ಡ ಹಾಯಬೇಕಿತ್ತು.

ಹಾಗೆ ಅಡ್ಡ ಹಾಯ್ದಾದರೂ ನೋಡಬೇಕಾದ ಚಿತ್ರಗಳು ಯಾವುವು? ಪಿ. ಲಂಕೇಶರ ‘ಪಲ್ಲವಿ’ (1976) ಮೊದಲ ಸಾಲಿನದು. ನಿರುದ್ಯೋಗದ ಕಾಲದಲ್ಲಿ ಕೆಲಸ ಹುಡುಕುವ ಹುಡುಗಿ, ಅದೇ ಕೆಲಸಕ್ಕೆ ಅರ್ಜಿ ಹಾಕುವ ಅವಳ ಗೆಳೆಯ. ಹುಡುಗಿಯ ಕಡೆಯಿಂದ ಕಥೆ ಕಟ್ಟಿದ್ದೇ ಆ ಹೊತ್ತಿಗೆ ದೊಡ್ಡ ಹೆಜ್ಜೆ. ಶಂಕರ್ ನಾಗ್ ಅವರ ‘ಆಕ್ಸಿಡೆಂಟ್’ ಇನ್ನೊಂದು: ರಾಜಕಾರಣಿಯ ಮಗ ಅಮಲಿನಲ್ಲಿ ಕಾರನ್ನು ಫುಟ್‌ಪಾತಿನ ಮೇಲೆ ಮಲಗಿದ ಕೂಲಿಗಳ ಮೇಲೆ ಹಾಯಿಸುತ್ತಾನೆ, ಆಮೇಲೆ ಅದನ್ನು ಮುಚ್ಚಿಹಾಕುವ ಕೆಲಸ ಶುರುವಾಗುತ್ತದೆ. ಇಳಯರಾಜಾ ಸಂಗೀತವಿದ್ದೂ ಹಾಡುಗಳಿಲ್ಲ. ಶಂಕರ್ ನಾಗ್ ಎಂದರೆ ಆಟೋ ಹಿಂದಿನ ಚಿತ್ರ, ‘ಮಾಲ್ಗುಡಿ ಡೇಸ್’. ಅಷ್ಟಕ್ಕೇ ನಾವು ನಿಂತುಬಿಟ್ಟಿದ್ದೇವೆ.

ಆದರೆ ಒಂದೇ ಚಿತ್ರ ಆರಿಸಿ ಎಂದರೆ ನಾನು ಕಾಸರವಳ್ಳಿಯವರ ‘ಮನೆ’ಯನ್ನು ಆರಿಸುತ್ತೇನೆ. ಕಾಸರವಳ್ಳಿಯವರ ಬಗ್ಗೆ ಮಾತಾಡುವವರು ಕೂಡ ಇದನ್ನು ‘ತಬರನ ಕಥೆ’ಗೂ ‘ತಾಯಿ ಸಾಹೇಬ’ಕ್ಕೂ ನಡುವೆ ಹಾರಿಸಿ ಹೋಗುತ್ತಾರೆ. ಟಿ.ಜಿ. ರಾಘವ ಅವರ ಕಥೆ, ನಸೀರುದ್ದೀನ್ ಶಾ ಮತ್ತು ದೀಪ್ತಿ ನವಲ್ ಜೋಡಿ. ಕೂಡುಕುಟುಂಬದ ಗದ್ದಲ ಬಿಟ್ಟು ಇಬ್ಬರೇ ಇರುವ ಆಸೆಯಿಂದ ನಗರಕ್ಕೆ ಬಂದ ದಂಪತಿಗೆ ಸಿಗುವುದು ಒಂದು ಕೋಣೆ, ಅದರ ಪಕ್ಕದಲ್ಲೇ ಒಂದು ಶೆಡ್ಡು. ಶೆಡ್ಡಿನಲ್ಲಿ ಕೆಲಸ ನಿಲ್ಲುವುದಿಲ್ಲ. ಲೋಹ ಬಡಿಯುವ ಸದ್ದು ಗೋಡೆ ದಾಟಿ ಊಟಕ್ಕೆ, ಮಾತಿಗೆ, ಹಾಸಿಗೆಗೆ ಬಂದು ಕೂರುತ್ತದೆ. ಆ ಸದ್ದೇ ಚಿತ್ರದ ಮೂರನೆಯ ಮುಖ್ಯ ಪಾತ್ರ ಎನ್ನಬಹುದು. ಅದನ್ನು ನಿಲ್ಲಿಸಲು ಅವರು ಹಿಡಿಯುವ ದಾರಿ ಪೊಲೀಸರ ಪ್ರಭಾವದ್ದು. ಚಿತ್ರ ಬಿಗಿಯಾಗುವುದು ಇಲ್ಲಿ, ಏಕೆಂದರೆ ಶೆಡ್ಡಿನಲ್ಲಿ ದುಡಿಯುವವರೂ ಇವರಂತೆಯೇ ಹೊಟ್ಟೆಪಾಡಿಗೆ ಬಂದವರು. ತನ್ನ ನೆಮ್ಮದಿಯ ಹಕ್ಕು ಕೇಳುವವನು ಯಾರ ಜಾಗ ಕಸಿಯುತ್ತಿದ್ದಾನೆ? 1990ರ ಸುಮಾರಿಗೆ ಕನ್ನಡ ಸಿನಿಮಾ ಇದನ್ನು ಕೇಳಿತ್ತು. ಹಲಸೂರಿನ ಗಲ್ಲಿಗಳಲ್ಲಿ, ಕೆ.ಆರ್. ಪುರದ ಸುತ್ತ ಎದ್ದ ಬಡಾವಣೆಗಳಲ್ಲಿ ವಾಸದ ಮನೆಗೂ ವರ್ಕ್‌ಶಾಪಿಗೂ ಒಂದೇ ಗೋಡೆ ಇರುವವರಿಗೆ ಇದರ ವ್ಯಾಖ್ಯಾನ ಬೇಕಾಗುವುದಿಲ್ಲ. ಕಾಸರವಳ್ಳಿಯವರದೇ ‘ಕೂರ್ಮಾವತಾರ’ (2011), ಮಂಸೋರೆ ಅವರ ‘ಹರಿವು’ (2014), ಪೃಥ್ವಿ ಕೊಣನೂರು ಅವರ ‘ಪಿಂಕಿ ಎಲ್ಲಿ?’ (2020) ಈ ಸಾಲನ್ನು ಮುಂದುವರಿಸಿದವು. ‘ಹರಿವು’ ಚಿತ್ರದಲ್ಲಿ ಸಂಚಾರಿ ವಿಜಯ್ ಮಾಡಿದ ತಂದೆ ಚಿಕಿತ್ಸೆಗೆಂದು ಬೆಂಗಳೂರಿಗೆ ಕರೆತಂದ ಮಗನ ಹೆಣವನ್ನು ಟ್ರಂಕಿನಲ್ಲಿಟ್ಟುಕೊಂಡು ಊರಿಗೆ ಹೊರಡುತ್ತಾನೆ. ‘ಪಿಂಕಿ ಎಲ್ಲಿ?’ಯಲ್ಲಿ ಕೆಲಸಕ್ಕೆ ಹೋಗುವ ತಾಯಿಯ ಹಸುಗೂಸನ್ನು ನೋಡಿಕೊಳ್ಳುವವಳು ಭಿಕ್ಷೆಗೆ ಬಾಡಿಗೆ ಕೊಡುತ್ತಾಳೆ, ಕೂಸು ಕಳೆದುಹೋಗುತ್ತದೆ. ಅಪಾರ್ಟ್‌ಮೆಂಟಿಗೂ ಗುಡಿಸಲಿಗೂ ನಡುವೆ ಎಷ್ಟು ಕಡಿಮೆ ದೂರ ಎಂಬುದು ಆ ಹುಡುಕಾಟದಲ್ಲೇ ತಿಳಿದುಹೋಗುತ್ತದೆ.

ಇವುಗಳಿಗೂ ಪ್ರಶಸ್ತಿ ಬಂದಿದೆಯಲ್ಲ, ಮತ್ತೇನು ಅವಗಣನೆ ಎಂದು ಕೇಳಬಹುದು. ಬಂದಿದೆ: ‘ಪಲ್ಲವಿ’ಗೆ ನಿರ್ದೇಶನದ ರಾಷ್ಟ್ರಪ್ರಶಸ್ತಿ, ‘ಆಕ್ಸಿಡೆಂಟ್’ಗೆ ಸಾಮಾಜಿಕ ವಿಷಯದ ಚಿತ್ರವೆಂಬ ಪ್ರಶಸ್ತಿ, ‘ಮನೆ’, ‘ಕೂರ್ಮಾವತಾರ’, ‘ಹರಿವು’ಗಳಿಗೆ ಅತ್ಯುತ್ತಮ ಕನ್ನಡ ಚಿತ್ರದ ಮನ್ನಣೆ. ಆದರೆ ಪ್ರಶಸ್ತಿಯ ಪಟ್ಟಿಯಲ್ಲಿರುವುದು ಬೇರೆ, ಮಾತಿನಲ್ಲಿ ಬದುಕಿರುವುದು ಬೇರೆ. ‘ಸಂಸ್ಕಾರ’ ನೋಡದವರಿಗೂ ಪ್ರಾಣೇಶಾಚಾರ್ಯ ಗೊತ್ತು. ಕಾದಂಬರಿ, ಕಾಲೇಜಿನ ಪಾಠ, ಸೆಮಿನಾರುಗಳು ಅವನನ್ನು ಸಾಯಗೊಡಲಿಲ್ಲ. ‘ಮನೆ’ಯ ದಂಪತಿಗೆ ಅಂಥ ಬೆಂಬಲ ಇಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಕಲೆಯಾಗಿ ಊರಿನ ಚಿತ್ರಗಳೇ ಮೇಲು, ಕಾಲ ಅವನ್ನು ಉಳಿಸಿದ್ದು ಸುಮ್ಮನೆ ಅಲ್ಲ. ಇದನ್ನು ಅರ್ಧ ಒಪ್ಪಬೇಕು. ‘ಆಕ್ಸಿಡೆಂಟ್’ನಲ್ಲಿ ಖಳರು ಖಳರೆಂದು ಬೇಗ ಗೊತ್ತಾಗುತ್ತಾರೆ, ಪತ್ರಕರ್ತನ ಪಾತ್ರ ನಿರ್ದೇಶಕರ ಪರವಾಗಿ ಮಾತಾಡುತ್ತದೆ. ‘ಘಟಶ್ರಾದ್ಧ’ದ ಒಳಮೌನದ ಪಕ್ಕದಲ್ಲಿಟ್ಟರೆ ಅದು ಒರಟು. ಆದರೆ ಊರಿನ ಚಿತ್ರಗಳಿಗೆ ಒಂದು ಅನುಕೂಲವಿತ್ತು: ಅವು ಕುಸಿಯುತ್ತಿದ್ದ, ಆಕಾರ ಗಟ್ಟಿಯಾಗಿ ಕಾಣುತ್ತಿದ್ದ ವ್ಯವಸ್ಥೆಯನ್ನು ಚಿತ್ರಿಸಿದವು. ನಗರದ ಚಿತ್ರಗಳ ಕಣ್ಣಮುಂದೆ ಇನ್ನೂ ಕಟ್ಟುತ್ತಲೇ ಇದ್ದ ಲೋಕವಿತ್ತು. ಕಲ್ಕತ್ತೆಗೆ ಸತ್ಯಜಿತ್ ರೇ ಅವರ ‘ಪ್ರತಿದ್ವಂದ್ವಿ’, ‘ಸೀಮಾಬದ್ಧ’, ‘ಜನ ಅರಣ್ಯ’ ಇವೆ, ಮೃಣಾಲ್ ಸೇನರ ‘ಇಂಟರ್‌ವ್ಯೂ’ ಇದೆ. ‘ಪಥೇರ್ ಪಾಂಚಾಲಿ’ ಮೇಲು ಎಂದು ಅಲ್ಲಿ ಯಾರೂ ಇವನ್ನು ಮೂಲೆಗೆ ತಳ್ಳಲಿಲ್ಲ. ಅಕ್ಕಪಕ್ಕ ಇಟ್ಟು ನೋಡಿದ್ದರಿಂದ ಬಂಗಾಳಿ ಸಿನಿಮಾ ಎರಡು ಕಣ್ಣಿನದಾಯಿತು.

ದಂಡಿನವರು ಕನ್ನಡ ಚಿತ್ರ ಎಲ್ಲಿ ನೋಡುತ್ತಾರೆ ಎಂಬ ಮೂರನೆಯ ಮಾತು ಆಕ್ಷೇಪಕ್ಕಿಂತ ಹೆಚ್ಚಾಗಿ ಸೋಮಾರಿತನ. ಮನೆಯಲ್ಲಿ ತಮಿಳು, ದಖ್ಖನಿ ಆಡಿ ಬೀದಿಯಲ್ಲಿ ಸಲೀಸಾಗಿ ಕನ್ನಡ ಆಡುವವರು ಅಲ್ಲಿ ತಲೆಮಾರುಗಳಿಂದ ಇದ್ದಾರೆ. ಇತ್ತೀಚೆಗೆ ಕೆಲಸಕ್ಕೆ ಬಂದವರಿಗೆ ಸಬ್‌ಟೈಟಲ್ ಸಾಕು. ಕೊರಿಯಾದ ಚಿತ್ರ ಹಾಗೆಯೇ ನೋಡುವವರಿಗೆ ‘ಮನೆ’ ಕಷ್ಟವಾಗಬೇಕಾಗಿಲ್ಲ. ಅವರು ಬಾರದಿರುವುದಕ್ಕೆ ಕಾರಣ ಭಾಷೆಯಲ್ಲ, ಕರೆ ಹೋಗದಿರುವುದು. ಹಾಗೆಂದು ಈ ಚಿತ್ರಗಳ ನಿಜವಾದ ಕೊರತೆಯನ್ನು ಮುಚ್ಚಿಡಬಾರದು. ಅವುಗಳ ನಗರದಲ್ಲಿ ಬಡವ, ಶ್ರೀಮಂತ, ಪೊಲೀಸ್, ಪತ್ರಕರ್ತ ಎಲ್ಲರೂ ಇದ್ದಾರೆ. ಶಿವಾಜಿನಗರದಲ್ಲಿ ಒಂದೇ ವಾಕ್ಯದೊಳಗೆ ಮೂರು ಭಾಷೆ ಆಡುವವನು ಮಾತ್ರ ಅಪರೂಪ. ಮುಸ್ಲಿಂ ಹೆಣ್ಣಿನ ಬದುಕನ್ನು ಗೌರವದಿಂದ ಕಂಡ ‘ಹಸೀನಾ’ (2004) ಕನ್ನಡದಲ್ಲಿ ಬಂತು, ಬಾನು ಮುಷ್ತಾಕರ ಕಥೆಯಿಂದ. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದಿತು. ಕಥೆಗಾರ್ತಿಗೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದ ಮೇಲಾದರೂ ಈ ಚಿತ್ರವನ್ನು ಶಿವಾಜಿನಗರದಲ್ಲೇ ತೋರಿಸಬೇಕೆಂಬ ಯೋಚನೆ ಬರಬೇಕಿತ್ತು.

ಪ್ಲಾಜಾ ಇದ್ದಲ್ಲಿ ಮೆಟ್ರೊ ನಿಲ್ದಾಣ, ಲಿಡೋ ಇದ್ದಲ್ಲಿ ಮಾಲು, ರೆಕ್ಸ್ 2018ರ ಕೊನೆಗೆ ಬಾಗಿಲು ಹಾಕಿತು. ಥಿಯೇಟರ್ ಮರಳಿ ಬರುವುದಿಲ್ಲ. ಆದರೆ ಸಿ.ಎಂ.ಎಚ್. ರಸ್ತೆಯ ಮ್ಯಾಕ್ಸ್ ಮುಲ್ಲರ್ ಭವನ, ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ಇವೆ. 2023ರಿಂದ ಮೆಟ್ರೊದ ನೇರಳೆ ಮಾರ್ಗ ಕೆ.ಆರ್. ಪುರವನ್ನು ಇಂದಿರಾನಗರಕ್ಕೆ ಜೋಡಿಸಿದೆ. 2025-26ರ ರಾಜ್ಯ ಬಜೆಟ್ಟಿನಲ್ಲಿ ಕನ್ನಡ ಚಿತ್ರಗಳ ಭಂಡಾರಕ್ಕೆ 3 ಕೋಟಿ ರೂಪಾಯಿ, ಜೊತೆಗೆ ಸರ್ಕಾರದ್ದೇ ಒಟಿಟಿ ವೇದಿಕೆಯ ಮಾತೂ ಇತ್ತು. ಆ ಭಂಡಾರ ಸ್ವರ್ಣಕಮಲದ ಕ್ರಮದಲ್ಲೇ ತುಂಬಿದರೆ ಮತ್ತೆ ಅಗ್ರಹಾರದಿಂದಲೇ ಶುರುವಾಗುತ್ತದೆ, ನಗರದ ಸರದಿ ಬರುವಷ್ಟರಲ್ಲಿ ದುಡ್ಡು ಮುಗಿದಿರುತ್ತದೆ. ‘ಘಟಶ್ರಾದ್ಧ’ಕ್ಕೆ ಈಗಾಗಲೇ ಪೋಷಕರು ಸಿಕ್ಕಿದ್ದಾರೆ. ಸಾರ್ವಜನಿಕ ಹಣ ಮೊದಲು ‘ಮನೆ’ ಮತ್ತು ‘ಆಕ್ಸಿಡೆಂಟ್’ಗೆ ಹೋಗಲಿ, ಇಂಗ್ಲಿಷಿನ ಜೊತೆಗೆ ತಮಿಳು ಮತ್ತು ಉರ್ದು ಸಬ್‌ಟೈಟಲ್ ಹಾಕಿಸಲಿ.